ಜೆ.ಸಿ. ರಸ್ತೆಯ ಹರ್ಕ್ಯುಲಿಸ್

ಬೆಳಗಿನ ಐದೂವರೆಗೆ ಗಾಂಧಿ ಬಜಾರಿನಲ್ಲಿ ಹೂವಿನ ಮೂಟೆಗಳು ಬಿಚ್ಚಿಕೊಳ್ಳುತ್ತಿರುತ್ತವೆ. ಅಲ್ಲಿಂದ ಸಜ್ಜನರಾವ್ ವೃತ್ತಕ್ಕೆ ನಡೆದು ಬಂದರೆ ತಿಂಡಿ ಬೀದಿ ರಾತ್ರಿಯ ಎಣ್ಣೆಯ ವಾಸನೆಯನ್ನಷ್ಟೇ ಉಳಿಸಿಕೊಂಡು ಮಲಗಿರುತ್ತದೆ. ಮಿನರ್ವ ವೃತ್ತ ದಾಟಿದ ಮೇಲೆ ಜೆ.ಸಿ. ರಸ್ತೆ. ಹಗಲೆಲ್ಲ ಕಾರಿನ ಬಿಡಿಭಾಗ, ಸೀಟಿನ ಕವರು, ಹಾರ್ನುಗಳ ಗದ್ದಲದಲ್ಲಿ ಉಸಿರುಗಟ್ಟುವ ಈ ರಸ್ತೆ ಆ ಹೊತ್ತಿನಲ್ಲಿ ಷಟರುಗಳನ್ನೆಳೆದುಕೊಂಡು ಅಗಲವಾಗಿ, ಹಳೆಯದಾಗಿ ಕಾಣುತ್ತದೆ. ತುದಿಯಲ್ಲಿ ಟೌನ್‌ಹಾಲಿನ ಕಂಬಗಳು. ಅದಕ್ಕೂ ಮೊದಲು ರವೀಂದ್ರ ಕಲಾಕ್ಷೇತ್ರದ ಮರಗಳು.

ಈ ಸುತ್ತಿನ ಬಡಾವಣೆಗಳಲ್ಲಿ ಈಗ ಅಲ್ಲೊಂದು ಇಲ್ಲೊಂದು ಮಹಡಿಯ ಮೇಲೆ ಕಿಕ್‌ಬಾಕ್ಸಿಂಗ್ ಹೇಳಿಕೊಡುತ್ತಾರೆ. ಬೀದಿಯಲ್ಲಿ ನಿಂತರೆ ಮೊದಲು ಕೇಳಿಸುವುದು ಚೀಲದ ಮೇಲೆ ಮೊಣಕಾಲಿನ ಕೆಳಗಿನ ಎಲುಬು ಬೀಳುವ ಸದ್ದು, ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಹಾಗೆ. ಮೆಟ್ಟಿಲು ಹತ್ತಿ ನೋಡಿದರೆ ರಬ್ಬರಿನ ಹಾಸು, ಗೋಡೆಯುದ್ದಕ್ಕೂ ಕನ್ನಡಿ, ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಳ್ಳುತ್ತ ಕೂತ ಕಾಲೇಜು ಹುಡುಗ ಹುಡುಗಿಯರು. 1960ರ ದಶಕದಲ್ಲಿ ಜಪಾನಿನವರು ಕರಾಟೆಯನ್ನೂ ಥಾಯ್ಲೆಂಡಿನ ಮುವಾಯ್ ಥಾಯ್‌ಯನ್ನೂ ಬೆಸೆದು ಕಟ್ಟಿದ ಆಟ ಇದು. 1993ರಲ್ಲಿ ಅಲ್ಲಿಯೇ ಕೆ-1 ಪಂದ್ಯಗಳು ಶುರುವಾದಾಗ ನೂರು ಕಿಲೋ ತೂಗುವ ಹೆವಿವೇಟ್ ಕಲಿಗಳು ಸಿನಿಮಾ ನಟರಷ್ಟೇ ಹೆಸರು ಮಾಡಿದರು. ಒಂದು ಹೊಡೆತಕ್ಕೆ ಎದುರಾಳಿ ಕುಸಿಯುವುದನ್ನು ನೋಡಲು ಕ್ರೀಡಾಂಗಣಗಳು ತುಂಬಿದವು.

ಆ ಆಟ ಕಂಡಾಗಲೆಲ್ಲ ನನಗೊಂದು ಪ್ರಶ್ನೆ ಹತ್ತಿಕೊಳ್ಳುತ್ತದೆ. ಇಷ್ಟು ಬಲವನ್ನು ಮೈಯಲ್ಲಿ ಕೂಡಿಟ್ಟವನು ಅಖಾಡದಿಂದ ಇಳಿದ ಮೇಲೆ ಅದನ್ನೆಲ್ಲ ಎಲ್ಲಿ ಇಡುತ್ತಾನೆ?

ನಮ್ಮ ನೆಲದಲ್ಲಿ ಈ ಪ್ರಶ್ನೆಗೆ ಹಳೆಯ ಉತ್ತರವೊಂದಿದೆ. ವಿಜಯದಶಮಿಯ ದಿನ ಮೈಸೂರು ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ಕೆಮ್ಮಣ್ಣು ಹಾಸಿದ ಕಣದಲ್ಲಿ ತಲೆ ಬೋಳಿಸಿಕೊಂಡ ಜಟ್ಟಿಗಳು ಜೋಡಿ ಜೋಡಿಯಾಗಿ ಇಳಿಯುತ್ತಾರೆ. ಬೆರಳುಗಳಿಗೆ ಮೊನೆಯುಳ್ಳ ಆಯುಧ. ಒಬ್ಬನ ತಲೆಯಿಂದ ನೆತ್ತರು ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ, ಎಷ್ಟೋ ಸಲ ಕಣ್ಣು ಮಿಟುಕಿಸುವಷ್ಟರಲ್ಲಿ. ಮೈಸೂರು, ಚನ್ನಪಟ್ಟಣ, ಚಾಮರಾಜನಗರಗಳ ಜೊತೆಗೆ ಬೆಂಗಳೂರಿನಿಂದಲೂ ಜಟ್ಟಿಗಳು ಹೋಗುತ್ತಾರೆ. ಜ್ಯೇಷ್ಠಿ ಎಂಬುದರಿಂದ ಬಂದ ಹೆಸರು ಅದು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಸಾಧನೆಗೆಂದೇ ಒಂದು ಭಾಗವನ್ನು ಮೀಸಲಿಟ್ಟಿದ್ದಾನೆ, ಅಷ್ಟು ಹಿಂದಿನ ವಿದ್ಯೆ. ಇದೇ ಜಟ್ಟಿಗಳಿಗೆ ಊರಿನಲ್ಲಿ ಇನ್ನೊಂದು ಹೆಸರೂ ಇತ್ತು. ಕೀಲು ತಪ್ಪಿದರೆ, ಉಳುಕಿದರೆ, ನರ ಹಿಡಿದರೆ ಜನ ಹೋಗುತ್ತಿದ್ದುದು ಅವರ ಮನೆಗೆ. ಕೀಲು ಎಲ್ಲಿ ಕಳಚುತ್ತದೆ ಎಂದು ಬಲ್ಲವನಿಗೆ ಅದನ್ನು ಕೂಡಿಸುವ ಜಾಗವೂ ಗೊತ್ತು. ಹೊಡೆಯುವ ಕೈಗೆ ವಯಸ್ಸಾದಾಗ ಅದು ನೀವುವ ಕೈಯಾಗುತ್ತಿತ್ತು.

ಬೆಂಗಳೂರಿನ ಪೇಟೆಯ ಗರಡಿಗಳಲ್ಲೂ ಹಾಗೆಯೇ. ಧರ್ಮರಾಯನ ಗುಡಿಯ ಕರಗಕ್ಕೆ ಕತ್ತಿ ಹಿಡಿದು ನಡೆಯುವ ವೀರಕುಮಾರರಿಗೆ ಗರಡಿಯೇ ಪಾಠಶಾಲೆ. ಮಬ್ಬು ಬೆಳಕು, ತಗ್ಗು ಬಾಗಿಲು, ಬಾಗಿಯೇ ಒಳಗೆ ಹೋಗಬೇಕು. ಎಣ್ಣೆ ಅರಿಸಿನ ಕಲಸಿ ಹದ ಮಾಡಿದ ಮಟ್ಟಿಯ ತಣ್ಣನೆಯ ಕಂಪು, ಮೂಲೆಯಲ್ಲಿ ಹನುಮಂತ, ಗೋಡೆಗೊರಗಿದ ಲೋಡು, ಗದೆ. ದಂಡೆ, ಬಸ್ಕಿ ಹೊಡೆಯುವವರ ಉಸಿರಿನ ಲೆಕ್ಕ. ಬದಿಯಲ್ಲಿ ಕೂತ ಮುದಿ ಉಸ್ತಾದ್ ಒಂದು ಕಾಲಕ್ಕೆ ಎಷ್ಟೋ ಜನರನ್ನು ಚಿತ್ ಮಾಡಿದ ಪೈಲ್ವಾನ. ಈಗ ಅವನ ಮುಂದೆ ಅಳುವ ಮಗುವನ್ನೆತ್ತಿಕೊಂಡ ತಾಯಿ.

ಪೇಟೆ ಒಂದು ಕಡೆ. 1892ರ ಸುಮಾರಿಗೆ ಎದ್ದ ಚಾಮರಾಜಪೇಟೆ, 1898ರ ಪ್ಲೇಗಿನ ಭಯದ ಬೆನ್ನಲ್ಲೇ ಬೆಳೆದ ಬಸವನಗುಡಿ, ಮಲ್ಲೇಶ್ವರಗಳು ಇನ್ನೊಂದು ಕಡೆ. ಅಲ್ಲಿ ಗಾಳಿ ಬೆಳಕಿನ ಮನೆ, ಹಿತ್ತಲಲ್ಲಿ ತೆಂಗು, ಕೋಟು ಪೇಟ ತೊಟ್ಟು ಕಚೇರಿಗೆ ಹೋಗುವ ಗುಮಾಸ್ತರು, ವಕೀಲರು, ಮೇಷ್ಟರು. ಓದಿ ಓದಿ ಬೆನ್ನು ಬಾಗಿದ ಅವರ ಹುಡುಗರು ಗರಡಿಯ ಮಟ್ಟಿಗೆ ಇಳಿಯುವವರಲ್ಲ. ಈ ಎರಡು ಬೆಂಗಳೂರುಗಳು ಸೇರುವ ಹೊಲಿಗೆಯ ಹಾಗಿದೆ ಜೆ.ಸಿ. ರಸ್ತೆ. ಆ ಹೊಲಿಗೆಯ ಮೇಲೆಯೇ ತಮ್ಮ ವ್ಯಾಯಾಮಶಾಲೆ ಕಟ್ಟಿದವರು ಕೋಲಾರದ ವೆಂಕಟೇಶ ಅಯ್ಯರ್, ಎಲ್ಲರ ಬಾಯಲ್ಲಿ ಕೆ.ವಿ. ಅಯ್ಯರ್.

ಅವರು ಯಾರೊಂದಿಗೂ ಪಂದ್ಯವಾಡಿ ಪಟ್ಟ ಗೆದ್ದವರಲ್ಲ. ಅವರ ಅಖಾಡ ಕನ್ನಡಿ, ಎದುರಾಳಿ ತಮ್ಮದೇ ಮೈ. ಅವರ ಹರೆಯದಲ್ಲಿ ಲೋಕವೆಲ್ಲ ಮಾತಾಡುತ್ತಿದ್ದುದು ಯೂಜೀನ್ ಸ್ಯಾಂಡೋ ಬಗ್ಗೆ. ಪ್ರಷ್ಯಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಸ್ಯಾಂಡೋ ಭಾರ ಎತ್ತುವುದರ ಜೊತೆಗೆ ಗ್ರೀಕ್ ಶಿಲೆಗಳ ಭಂಗಿಯಲ್ಲಿ ನಿಂತು ಜನರನ್ನು ಬೆರಗಾಗಿಸಿದವನು. ಎಷ್ಟು ಎತ್ತುತ್ತಾನೆ ಎಂಬ ಪ್ರಶ್ನೆಯನ್ನು ಹೇಗೆ ಕಾಣುತ್ತಾನೆ ಎಂಬುದರ ಕಡೆಗೆ ತಿರುಗಿಸಿದವನು. ಅಯ್ಯರ್ ಆ ದಾರಿ ಹಿಡಿದರು. ತಮ್ಮ ಶಾಲೆಗೆ ಹರ್ಕ್ಯುಲಿಸ್ ಜಿಮ್ನಾಸಿಯಂ ಎಂದು ಹೆಸರಿಟ್ಟರು. ಅಂಚೆಯ ಮೂಲಕ ಅಂಗಸಾಧನೆ ಕಲಿಸುವ ಏರ್ಪಾಡು ಮಾಡಿದರು. ಬೆಂಗಳೂರನ್ನೇ ಕಾಣದವರೂ ಅವರ ಶಿಷ್ಯರಾದರು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕ ಬಂತು. ದೇವತೆಗಳೂ ಆಸೆಪಡುವಂಥ ಮೈಕಟ್ಟು ತಮ್ಮದೆಂದು ಅದರಲ್ಲಿ ಬರೆದುಕೊಳ್ಳುವಷ್ಟು ನಂಬಿಕೆ ಅವರಿಗೆ. ಅವರ ಚಿತ್ರಗಳು ಹೊರದೇಶದ ಅಂಗಸಾಧನೆಯ ಪತ್ರಿಕೆಗಳಲ್ಲೂ ಅಚ್ಚಾದವು.

ಆ ಚಿತ್ರಗಳನ್ನು ಒಮ್ಮೆ ನಿಧಾನವಾಗಿ ನೋಡಬೇಕು. ನೆರಳು ಬೆಳಕಿನಲ್ಲಿ ನಿಂತ ಮೈ, ಕೌಪೀನವೊಂದೇ ಉಡುಗೆ. ಸ್ನಾಯುಗಳ ಉಬ್ಬಿಗಿಂತ ಅಂಗ ಅಂಗಗಳ ಹೊಂದಾಣಿಕೆ ಕಣ್ಣಿಗೆ ತುಂಬುತ್ತದೆ. ಉಕ್ಕಿನ ಮನುಷ್ಯ ಎನ್ನುತ್ತಾರಲ್ಲ, ಆ ಜಾತಿಯಲ್ಲ ಇದು. ಬೇಲೂರಿನ ಕಲ್ಲಿನಷ್ಟು ನಯ. ಆ ನಯದ ಗುಟ್ಟೂ ಅವರ ಪದ್ಧತಿಯಲ್ಲೇ ಇತ್ತು. ಬಾರ್‌ಬೆಲ್ಲಿನ ಜೊತೆ ಯೋಗಾಸನ, ಆಸನದ ಜೊತೆ ಸೂರ್ಯನಮಸ್ಕಾರ. ಕಬ್ಬಿಣ ಹೊರಮೈಯನ್ನು ಕಡೆಯುತ್ತದೆ, ಆಸನ ಒಳಗಿನ ಅಂಗಗಳನ್ನು ಕಾಯುತ್ತದೆ ಎಂಬುದು ಅವರ ನಿಲುವು. ಯೋಗಿ ಸುಂದರಂ ಅವರೊಡನೆ ಸೇರಿ ಊರೂರಿನಲ್ಲಿ ಪ್ರದರ್ಶನ ಕೊಟ್ಟರು. 1937ರಲ್ಲಿ ಸೂರ್ಯನಮಸ್ಕಾರದ ಮೇಲೆಯೇ ಪುಸ್ತಕ ಬರೆದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ಸಿಕ್ಕಿತು. ಅಯ್ಯರ್ ಅವರ ಶಿಷ್ಯರೊಬ್ಬರು ಮೈಸೂರಿನಲ್ಲಿ ಪಾಠ ಹೇಳುತ್ತಿದ್ದ ಜಾಗ, ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರು ನಡೆಸುತ್ತಿದ್ದ ಯೋಗಶಾಲೆಗೆ ಕೂಗಳತೆ ದೂರ. ಬಿ.ಕೆ.ಎಸ್. ಅಯ್ಯಂಗಾರ್, ಪಟ್ಟಾಭಿ ಜೋಯಿಸರು ಪಳಗಿದ್ದು ಆ ಯೋಗಶಾಲೆಯಲ್ಲಿ. ಇಂದು ನ್ಯೂಯಾರ್ಕಿನಲ್ಲಿ ಚಾಪೆ ಹಾಸಿ ಸೂರ್ಯನಮಸ್ಕಾರ ಹಾಕುವವರಿಗೆ ಆ ಎರಡು ಅಂಗಳಗಳ ನೆರೆಹೊರೆ ಗೊತ್ತಿರಲಾರದು.

ಕಾಯಿಲೆಯವರೂ ಬರುತ್ತಿದ್ದರು ಅಯ್ಯರ್ ಬಳಿಗೆ. ಜಟ್ಟಿಯ ಮನೆಗೆ ಹೋದ ಹಾಗೆಯೇ, ಸೋತ ಕೈಕಾಲು ಹಿಡಿದುಕೊಂಡು. ಅಂಗಮರ್ದನ, ಹದವಾದ ವ್ಯಾಯಾಮ, ಪಥ್ಯ. ಆದರೆ ಆ ವ್ಯಾಯಾಮಶಾಲೆಗೆ ಬಂದು ಕೂತ ಒಬ್ಬರಿಗೆ ಮಾತ್ರ ಈ ಯಾವ ಔಷಧವೂ ಬೇಕಿರಲಿಲ್ಲ.

ಟಿ.ಪಿ. ಕೈಲಾಸಂ. ನ್ಯಾಯಮೂರ್ತಿಗಳ ಮಗ, ಸ್ಯಾಂಡೋ ಹೆಸರು ಮೊಳಗುತ್ತಿದ್ದ ಕಾಲದ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದವರು. ‘ಟೊಳ್ಳು ಗಟ್ಟಿ’ಯಿಂದ ಕನ್ನಡ ರಂಗಭೂಮಿಯ ಮಾತಿನ ಧಾಟಿಯನ್ನೇ ತಿರುಗಿಸಿದವರು. ಕೆಲಸ ಬಿಟ್ಟು, ಮನೆ ಮಠದ ಲೆಕ್ಕ ಬಿಟ್ಟು, ಸಿಗರೇಟಿನ ಹೊಗೆಯಲ್ಲಿ ನಾಟಕಗಳನ್ನು ಬಾಯಲ್ಲೇ ಹೇಳುತ್ತ ಬದುಕಿದವರು. ಬರೆದುಕೊಳ್ಳುವವರು ಎದುರಿಗಿದ್ದರೆ ಉಳಿಯಿತು, ಇಲ್ಲದಿದ್ದರೆ ಗಾಳಿಗೆ ಹೋಯಿತು. ಊರಿನ ಅತ್ಯಂತ ಗಟ್ಟಿ ಮೈ ಇದ್ದ ಮನೆಯಲ್ಲಿ ಊರಿನ ಅತ್ಯಂತ ಅಜಾಗರೂಕ ಮೈ ಬಂದು ಕೂರುವುದನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದು ಕಡೆ ಡಂಬೆಲ್ಲುಗಳು, ಎಣ್ಣೆ ಹಚ್ಚಿದ ಹುಡುಗರು. ಇನ್ನೊಂದು ಕಡೆ ಹೊಗೆ, ಕೆಮ್ಮು, ಮಾತು, ಮತ್ತೆ ಮಾತು. ಅಯ್ಯರ್ ಕೈಲಾಸಂ ಅವರಿಗೆ ಬುದ್ಧಿ ಹೇಳಿ ತಿದ್ದಲು ಹೊರಟಿದ್ದರೆ ಎರಡನೇ ದಿನ ಕೈಲಾಸಂ ಆ ಮೆಟ್ಟಿಲು ತುಳಿಯುತ್ತಿರಲಿಲ್ಲ ಎಂದು ನನ್ನ ಎಣಿಕೆ. ಅಯ್ಯರ್ ಮಾಡಿದ್ದು ಬೇರೆ. ಜಾಗ ಕೊಟ್ಟರು, ಕೇಳಿಸಿಕೊಂಡರು. ರವಿ ಕಲಾವಿದರು ಎಂಬ ತಂಡ ಕಟ್ಟಿ ಆ ನಾಟಕಗಳನ್ನು ರಂಗಕ್ಕೆ ತಂದರು. ಮುಂದೆ 1963ರಲ್ಲಿ ಇದೇ ರಸ್ತೆಯಲ್ಲಿ ಕಲಾಕ್ಷೇತ್ರದ ಬಾಗಿಲು ತೆರೆಯುವ ಎಷ್ಟೋ ಮೊದಲು, ಈ ವ್ಯಾಯಾಮಶಾಲೆಯೇ ಕನ್ನಡ ನಾಟಕದ ಹಿಂಬದಿಯ ಕೋಣೆಯಾಗಿತ್ತು.

ಕೈಲಾಸಂ ಇಂಗ್ಲಿಷಿನಲ್ಲಿ ಬರೆದ ನಾಟಕಗಳಿಗೆ ಆಯ್ದುಕೊಂಡ ವೀರರು ಯಾರು ನೋಡಿ: ಏಕಲವ್ಯ, ಕರ್ಣ, ಕೀಚಕ. ಹೆಬ್ಬೆರಳು ಕೊಟ್ಟು ಬಿಲ್ಲು ಕೆಳಗಿಟ್ಟವನು, ಬೇಕಾದ ಗಳಿಗೆಯಲ್ಲಿ ಅಸ್ತ್ರವಿದ್ಯೆ ಮರೆತವನು, ಮಲ್ಲನಾಗಿದ್ದೂ ಮುದ್ದೆಯಾದವನು. ಎಲ್ಲರೂ ಬಲವಿದ್ದು ಬಲ ಕಳೆದುಕೊಂಡವರೇ. ಕಬ್ಬಿಣದ ಸದ್ದಿನ ನಡುವೆ ಕೂತ ಕೈಲಾಸಂ ನೆನಪಾದಾಗಲೆಲ್ಲ ಈ ಮೂವರೂ ಅವರ ಹಿಂದೆ ಬಂದು ನಿಲ್ಲುತ್ತಾರೆ.

1946ರ ನವೆಂಬರಿನಲ್ಲಿ ಕೈಲಾಸಂ ಹೋದರು. ಅವರನ್ನು ಕುರಿತು ಅಯ್ಯರ್ ‘ಕೈಲಾಸಂ ಸ್ಮರಣೆ’ ಬರೆದರು. ಅಂಗಸಾಧಕರ ಆತ್ಮಕಥೆ ಲೋಕದಲ್ಲಿ ಬೇಕಾದಷ್ಟು ಸಿಗುತ್ತವೆ; ಅಂಗಸಾಧಕನೊಬ್ಬ ಕವಿಹೃದಯದ ಗೆಳೆಯನಿಗಾಗಿ ಕೂತು ಬರೆದ ಪುಸ್ತಕ ನಾನು ಕಂಡಂತೆ ಇದೊಂದೇ. ಅಯ್ಯರ್ ಅವರ ಕೈಗೆ ಲೇಖನಿ ಗಟ್ಟಿಯಾಗಿ ಕೂತಿತು. ಹೊಯ್ಸಳರ ರಾಣಿ, ನರ್ತಕಿ ಶಾಂತಲೆಯ ಮೇಲೆ ‘ಶಾಂತಲಾ’ ಬರೆದರು. ‘ರೂಪದರ್ಶಿ’ಯನ್ನೂ ಬರೆದರು.

ನನಗೆ ‘ರೂಪದರ್ಶಿ’ ಬಹಳ ಹತ್ತಿರದ ಪುಸ್ತಕ. ಫ್ಲಾರೆನ್ಸಿನಲ್ಲಿ ಮೈಕೆಲೇಂಜೆಲೋ ಬಾಲ ಏಸುವಿನ ರೂಪಕ್ಕೆ ತಕ್ಕ ಮುಖ ಹುಡುಕುತ್ತಾನೆ, ಮುಗ್ಧ ಹುಡುಗನೊಬ್ಬ ಸಿಗುತ್ತಾನೆ. ಎಷ್ಟೋ ವರ್ಷಗಳ ನಂತರ ಏಸುವಿಗೆ ದ್ರೋಹ ಬಗೆದ ಜೂದಾಸನಿಗೆ ಒಂದು ಮುಖ ಬೇಕಾಗುತ್ತದೆ. ಅಲೆದಲೆದು ಕೊನೆಗೆ ಹಿಡಿದು ತಂದ ಆ ಹಾಳುಬಿದ್ದ ಮನುಷ್ಯ ಬೇರಾರೂ ಅಲ್ಲ, ಅದೇ ಹುಡುಗ. ಶಾಲೆಯ ದಿನಗಳಲ್ಲಿ ಓದಿದಾಗ ಕಥೆಯ ತಿರುವು ಮೈ ಜುಮ್ಮೆನಿಸಿತ್ತು. ನಡುವಯಸ್ಸಿನಲ್ಲಿ ಮತ್ತೆ ತೆಗೆದಾಗ ತಡೆದು ನಿಲ್ಲಿಸಿದ್ದು ಬರೆದವರ ಕಸುಬು. ಅಂಗಸಾಧನೆ ಕಲಿಸುವವರ ಜಾಹೀರಾತುಗಳಲ್ಲಿ ಎರಡು ಚಿತ್ರ ಇರುತ್ತವಲ್ಲ, ಮೊದಲು ಮತ್ತು ಆಮೇಲೆ. ಮೊದಲಿನದು ನರಪೇತಲ, ಆಮೇಲಿನದು ಹುರಿಗಟ್ಟಿದ ಮೈ. ದಿನಬೆಳಗಾದರೆ ಇಂಥ ಬದಲಾವಣೆಯ ಕನಸು ಹೊತ್ತು ಬಂದವರನ್ನೇ ಕಾಣುತ್ತಿದ್ದ ಮನುಷ್ಯ, ಕಾದಂಬರಿಗೆ ಕೂತಾಗ ಆ ಎರಡು ಚಿತ್ರಗಳನ್ನು ಅದಲು ಬದಲು ಮಾಡಿದರು. ಮೊದಲು ಬೆಳಕು, ಆಮೇಲೆ ಕತ್ತಲು. ಹಸಿವು, ಒಂಟಿತನ, ದುಷ್ಟ ಸಹವಾಸ ಒಂದೊಂದೂ ಮುಖದ ಮೇಲೆ ಎಲ್ಲೆಲ್ಲಿ ಗೆರೆ ಎಳೆಯುತ್ತದೆ ಎಂಬುದನ್ನು ಬಲ್ಲ ಕಣ್ಣು ಅದು. ವರ್ಷಗಟ್ಟಲೆ ಮನುಷ್ಯರ ಮೈಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಮಾತ್ರ ದಕ್ಕುವ ಕರುಣೆ ಅದರಲ್ಲಿದೆ. ಸ್ಯಾಂಡೋ ಶಿಲೆಗಳ ಮುಂದೆ ನಿಂತು ತನ್ನ ಮೈಯನ್ನು ಕಂಡುಕೊಂಡ. ಜೆ.ಸಿ. ರಸ್ತೆಯ ಹರ್ಕ್ಯುಲಿಸ್ ಅದೇ ಶಿಲೆಗಳ ಹಿಂದೆ ನಿಂತ, ಹೆಸರಿಲ್ಲದೆ ಹೋದ ರೂಪದರ್ಶಿಯನ್ನು ಹುಡುಕಿಕೊಂಡು ಹೋದರು.

ಕೆ.ವಿ. ಅಯ್ಯರ್ ತೀರಿಕೊಂಡದ್ದು 1980ರಲ್ಲಿ. ‘ಮಸಲ್ ಕಲ್ಟ್’ ಅಚ್ಚಾಗಿ ಆಗ ಐವತ್ತು ವರ್ಷ. ಪುಸ್ತಕದೊಳಗಿನ ಮೈ ಮೂವತ್ತರ ಆಸುಪಾಸಿನಲ್ಲಿ ಹಾಗೇ ನಿಂತಿತ್ತು. ಹೊರಗಿನ ಮೈ ಅದನ್ನು ಬಿಟ್ಟು ಅರ್ಧ ಶತಮಾನ ನಡೆದು ಬಂದಿತ್ತು.

ಏಳು ಗಂಟೆಯಾಗುತ್ತ ಬಂತು. ಮಹಡಿಯ ತರಗತಿ ಮುಗಿದು ಹುಡುಗರು ಬೆವರು ಒರೆಸಿಕೊಳ್ಳುತ್ತಿದ್ದಾರೆ. ಒಬ್ಬ ಕನ್ನಡಿಯ ಮುಂದೆ ಓರೆಯಾಗಿ ನಿಂತು, ಹೊಟ್ಟೆ ಒಳಗೆಳೆದುಕೊಂಡು, ಮೊಬೈಲಿನಲ್ಲಿ ತನ್ನ ಚಿತ್ರ ತೆಗೆದುಕೊಂಡ. ಚೆನ್ನಾಗಿ ಬಂದಿರಬೇಕು, ನಕ್ಕ. ಅವನ ಹಿಂದೆ, ಅದೇ ಕನ್ನಡಿಯ ಮೂಲೆಯಲ್ಲಿ, ಕಿವಿ ಚಪ್ಪಟೆಯಾದ ದಪ್ಪ ಕತ್ತಿನ ತರಬೇತುದಾರರು ನೆಲದ ಮೇಲೆ ಮಂಡಿಯೂರಿ ಕೂತು, ಹುಡುಗಿಯೊಬ್ಬಳ ಉಳುಕಿದ ಹಿಮ್ಮಡಿಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಬ್ಬೆರಳಿನಿಂದ ಮೆಲ್ಲಗೆ ನೋವಿನ ಜಾಗ ಹುಡುಕುತ್ತಿದ್ದರು. ಕೆಳಗೆ ರಸ್ತೆಯಲ್ಲಿ ಮೊದಲ ಷಟರು ಮೇಲೇರಿದ ಸದ್ದಾಯಿತು.