ಬಲೆ ಹರಿಯುವ ಮುಖಗಳು

ಟ್ರಾಲ್ ಬಲೆ ಕಡಲ ತಳದಲ್ಲಿ ಏನು ಮಾಡುತ್ತದೆ ಎನ್ನುವುದು ದಡದ ಮೇಲೆ ನಿಂತವರಿಗೆ ಕಾಣುವುದಿಲ್ಲ. ಬಲೆಯ ಬಾಯಿ ಅಗಲವಾಗಿ ತೆರೆದಿರಲೆಂದು ಎರಡೂ ಪಕ್ಕದಲ್ಲಿ ಭಾರದ ಹಲಗೆಗಳು, ಕೆಳಗಂಚು ನೆಲಕ್ಕೆ ಅಂಟಿ ಬರಲೆಂದು ಸರಪಳಿ. ಬೋಟು ಮುಂದೆ ಎಳೆದಂತೆ ಇವೆಲ್ಲ ತಳವನ್ನು ಕುಂಟೆ ಹೊಡೆದ ಹಾಗೆ ಕೆರೆಯುತ್ತ ಬರುತ್ತವೆ. ರೈತ ಕುಂಟೆ ಹೊಡೆಯುವುದು ಬಿತ್ತುವುದಕ್ಕೆ. ಇಲ್ಲಿ ಬಿತ್ತುವವರು ಯಾರೂ ಇಲ್ಲ.

ಇಟಲಿಯ ಟಸ್ಕನಿ ಪ್ರಾಂತ್ಯದ ದಕ್ಷಿಣ ತುದಿಯಲ್ಲಿ ತಲಮೋನೆ ಎಂಬ ಸಣ್ಣ ಬಂದರೂರಿದೆ. ಹದಿಮೂರರ ವಯಸ್ಸಿಗೇ ದೋಣಿ ಹತ್ತಿದ ಪಾವ್ಲೊ ಫಾಂಚುಲ್ಲಿ ಈ ಊರಿನವರು. ಅವರ ಬಲೆ ಬೀಳುತ್ತಿದ್ದ ನೀರಿನ ಕೆಳಗೆ ಪೊಸಿಡೋನಿಯಾ ಎಂಬ ಕಡಲಹುಲ್ಲಿನ ಬಯಲುಗಳಿದ್ದವು. ಹುಲ್ಲು ಎಂದೆನಾದರೂ ಇದು ಹೂ ಬಿಟ್ಟು ಕಾಯಿ ಕಟ್ಟುವ ಗಿಡ, ಇಲ್ಲಿನ ಜಾತಿ ಮೆಡಿಟರೇನಿಯನ್ ಬಿಟ್ಟರೆ ಬೇರೆಲ್ಲೂ ಬೆಳೆಯದು. ಮೀನುಗಳು ಮೊಟ್ಟೆಯಿಡುವುದು, ಮರಿಗಳು ಅಡಗಿ ದೊಡ್ಡವಾಗುವುದು ಇದರ ಎಲೆಗಳ ನಡುವೆ. ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಹಬ್ಬುವ ಗಿಡ ಇದು. ಒಂದು ರಾತ್ರಿ ಬಲೆ ಕಿತ್ತುಕೊಂಡು ಹೋದ ಜಾಗ ಮತ್ತೆ ಹಸಿರಾಗಲು ಮನುಷ್ಯನ ಒಂದು ಆಯುಷ್ಯವೇ ಸಾಲದೆ ಹೋಗಬಹುದು.

ದಡದಿಂದ ಮೂರು ನಾಟಿಕಲ್ ಮೈಲಿಯೊಳಗೆ ಟ್ರಾಲಿಂಗ್ ಮಾಡುವಂತಿಲ್ಲ ಎಂದು ಕಾನೂನಿತ್ತು. ಆದರೆ ರಾತ್ರಿ ದೀಪ ಆರಿಸಿ ಬರುವ ಬೋಟುಗಳನ್ನು ಕಾಯುವವರಾರು? 1980ರ ದಶಕದಿಂದಲೇ ಪಾವ್ಲೊ ಜಗಳಕ್ಕೆ ನಿಂತರು. ಜೊತೆಯ ಮೀನುಗಾರರನ್ನು ಕಟ್ಟಿಕೊಂಡು ಬಂದರಿಗೆ ದೋಣಿ ಅಡ್ಡ ಹಾಕಿದರು. ರಾತ್ರಿ ತಮ್ಮ ಚಿಕ್ಕ ದೋಣಿಯಲ್ಲೇ ಬೆನ್ನಟ್ಟಿ, ಪೊಲೀಸರಂತೆ ಕೂಗಿ ಹೆದರಿಸಿದ್ದೂ ಉಂಟು. ಈ ಹಗೆತನದಲ್ಲಿ ಹಿಡಿದ ಮೀನು ಮಾರುವುದೇ ಕಷ್ಟವಾಯಿತು. ಆಗ ಪ್ರವಾಸಿಗರನ್ನು ದೋಣಿಗೆ ಹತ್ತಿಸಿಕೊಂಡು, ಬಲೆ ಎಳೆಯುವುದನ್ನು ತೋರಿಸಿ, ಸಿಕ್ಕ ಮೀನನ್ನು ಅಲ್ಲೇ ಬೇಯಿಸಿ ಬಡಿಸುವ ದಾರಿ ಹಿಡಿದರು. ಮುಂದೆ ಇದೇ ಅವರ ಕೈ ಹಿಡಿಯಿತು. ಆ ದೋಣಿಯಲ್ಲಿ ಊಟ ಮಾಡಿದವರೆಲ್ಲ ಕೆಳಗಿನ ಹುಲ್ಲಿನ ಕತೆ ಕೇಳಿಕೊಂಡೇ ದಡಕ್ಕೆ ಮರಳುತ್ತಿದ್ದರು.

ದುಃಖದ ಮಾತೆಂದರೆ, ಈ ನೀರು ಹೆಸರಿಗೆ ರಕ್ಷಿತವಾಗಿಯೇ ಇತ್ತು. 1999ರಲ್ಲಿ ಇಟಲಿ, ಫ್ರಾನ್ಸ್, ಮೊನಾಕೊ ಸೇರಿ ತಿಮಿಂಗಿಲ ಮತ್ತು ಡಾಲ್ಫಿನ್‌ಗಳಿಗಾಗಿ ಪೆಲಾಗೋಸ್ ಅಭಯಧಾಮಕ್ಕೆ ಒಪ್ಪಂದ ಮಾಡಿಕೊಂಡವು. 87,500 ಚದರ ಕಿಲೋಮೀಟರ್ ಹರವಿನ ಆ ವಲಯದೊಳಗೇ ತಲಮೋನೆ ಬರುತ್ತದೆ. ಆದರೆ ನಕಾಶೆಯ ಮೇಲಿನ ಗೆರೆಗೆ ಬಲೆ ಸಿಕ್ಕಿಕೊಳ್ಳುವುದಿಲ್ಲವಲ್ಲ.

ಸಿಕ್ಕಿಕೊಳ್ಳುವಂಥದ್ದನ್ನೇ ಇಟ್ಟರೆ? 2006ರಲ್ಲಿ ಕಡಲ ತಳಕ್ಕೆ ಕಾಂಕ್ರೀಟ್ ದಿಮ್ಮಿಗಳು ಇಳಿದವು. ಲೆಕ್ಕ ಸರಳ. ಉಳುವ ಹೊಲದಲ್ಲಿ ಬಂಡೆಯಿದ್ದರೆ ನೇಗಿಲು ಮುರಿಯುತ್ತದೆ, ತಳದಲ್ಲಿ ದಿಮ್ಮಿಯಿದ್ದರೆ ಬಲೆ ಹರಿಯುತ್ತದೆ. ಹರಿದ ಬಲೆಯ ನಷ್ಟ ನೆನೆದರೆ ಯಾವ ಬೋಟಿನವನೂ ಆ ಕಡೆ ಮತ್ತೆ ಸುಳಿಯಲಾರ. ಆದರೆ ದಿಮ್ಮಿಗಳು ಬೇಕಾದಷ್ಟಿರಲಿಲ್ಲ, ಇನ್ನಷ್ಟು ಕಾಂಕ್ರೀಟಿಗಾಗಿ ಜನ ಜೇಬಿಗೆ ಕೈ ಹಾಕುವಂತೆಯೂ ಇರಲಿಲ್ಲ.

ಪಾವ್ಲೊ ಅವರಿಗೆ ಹೊಳೆದದ್ದು ಇಲ್ಲಿ. ಬಲೆ ಹರಿಯಲು ಭಾರ ಸಾಕು, ಜನ ಸೇರಲು ಮುಖ ಬೇಕು. ದಿಮ್ಮಿಯ ಬದಲು ಶಿಲ್ಪವನ್ನೇ ಇಳಿಸಿದರೆ ಅದು ತಡೆಯೂ ಹೌದು, ಪ್ರತಿಭಟನೆಯೂ ಹೌದು. ಇದನ್ನು ನಾನು ಆವಿಷ್ಕಾರ ಎಂದೇ ಕರೆಯುತ್ತೇನೆ. ಕಲ್ಲೂ ಹಳೆಯದು, ಶಿಲ್ಪವೂ ಹಳೆಯದು, ಬಲೆಯೂ ಹಳೆಯದೇ. ಈ ಮೂರನ್ನೂ ಒಂದೇ ಜಾಗದಲ್ಲಿ ಕೂಡಿಸಿ ನೋಡುವುದಕ್ಕೆ ಆ ತಳವನ್ನು ಮನೆಯಂಗಳದಂತೆ ಬಲ್ಲ ಮೀನುಗಾರನೇ ಬೇಕಾಯಿತು.

ಅವರು ಕರಾರಾಕ್ಕೆ ಹೋದರು. ಮೈಕೆಲಾಂಜೆಲೊ ಕೆತ್ತಿದ ಡೇವಿಡ್‌ನ ಅಮೃತಶಿಲೆ ಬಂದದ್ದು ಈ ಬೆಟ್ಟಗಳಿಂದಲೇ. ಅಲ್ಲಿ ಮೈಕೆಲಾಂಜೆಲೊ ಹೆಸರಿನದೇ ಒಂದು ಕ್ವಾರಿಯಿದೆ. ಅದರ ಆಗಿನ ಮುಖ್ಯಸ್ಥ ಫ್ರಾಂಕೊ ಬರಾತ್ತೀನಿ ಅವರ ಬಳಿ ಪಾವ್ಲೊ ಕೇಳಿದ್ದು ಎರಡು ಬಂಡೆ. ಬರಾತ್ತೀನಿ ಕೊಟ್ಟದ್ದು ನೂರು.

ನೂರು ಬಂಡೆಗಳ ಸುದ್ದಿಗೆ ಶಿಲ್ಪಿಗಳು ತಾವಾಗಿ ಬಂದರು. ಬ್ರಿಟನ್ನಿನ ಹೆಸರಾಂತ ಶಿಲ್ಪಿ ಎಮಿಲಿ ಯಂಗ್ ನಾಲ್ಕು ದೊಡ್ಡ ಮುಖಗಳನ್ನು ಕೆತ್ತಿದರು. ಅವಕ್ಕೆ ಅಳುವ ಕಾವಲುಗಾರರು ಎಂಬ ಅರ್ಥದ ಹೆಸರು. ಒಂದೊಂದೂ ಹತ್ತು ಟನ್ನಿಗೂ ಹೆಚ್ಚು ಭಾರ. 2015ರಲ್ಲಿ ಕ್ರೇನಿನ ಸರಪಳಿ ಸಡಿಲಿಸಿ ಇಂಥ ಶಿಲ್ಪಗಳನ್ನು ನೀರಿಗೆ ಬಿಟ್ಟರು. ಬೆಳ್ಳನೆಯ ಕಲ್ಲು ನೀಲಿಯಾಗಿ, ಆಮೇಲೆ ಬರೀ ನೆರಳಾಗಿ ಕೆಳಗಿಳಿಯಿತು.

ಮೊದಲು ಪಾಚಿ ಹಿಡಿಯುತ್ತದೆ. ಉಳಿಯ ಗೆರೆಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಕಣ್ಣಿನ ಗುಳಿ, ಮೂಗಿನ ಪಕ್ಕದ ಮಡಿಕೆ, ಒರಟಾಗಿ ಬಿಟ್ಟ ಬೆನ್ನು, ಎಲ್ಲವೂ ಯಾವುದೋ ಜೀವಕ್ಕೆ ಬಿಡಾರ. ಶಿಲ್ಪಿ ಕೊರೆದ ಮುಖವನ್ನು ಕಡಲು ತನ್ನ ರೀತಿಯಲ್ಲಿ ಮತ್ತೆ ಕೊರೆಯುತ್ತದೆ. ಈ ಇಡೀ ಯೋಜನೆಯ ಹೆಸರು 'ಕಾಸಾ ದೇಯಿ ಪೆಶಿ', ಮೀನುಗಳ ಮನೆ.

ಊರ ಚೌಕದಲ್ಲಿ ನಿಲ್ಲಿಸಿದ ಪ್ರತಿಮೆಯನ್ನು ನಾವು ದಿನವೂ ನೋಡುತ್ತೇವೆ, ಕೆಲವು ವಾರದಲ್ಲೇ ಅದು ನಮ್ಮ ಕಣ್ಣಿಗೆ ಬೀಳದಂತಾಗುತ್ತದೆ. ತಲಮೋನೆಯ ಶಿಲ್ಪಗಳನ್ನು ನೀರಿಗೆ ಧುಮುಕಿ ತಳಕ್ಕಿಳಿಯುವವರು ಬಿಟ್ಟರೆ ಯಾರೂ ಕಾಣರು. ಆದರೂ ಅಲ್ಲಿ ಬಲೆ ಬಿಡಬೇಕೆಂದು ಕತ್ತಲಲ್ಲಿ ಬರುವವನು ಅವನ್ನು ಒಂದು ಗಳಿಗೆಯೂ ಮರೆಯಲಾರ. ಸಾರ್ವಜನಿಕ ಶಿಲ್ಪವೊಂದು ಇಷ್ಟು ನೇರವಾಗಿ ಕೆಲಸ ಮಾಡುವುದನ್ನು ನಾನು ಬೇರೆ ಕಡೆ ಕಂಡಿಲ್ಲ.

2020ರ ಹೊತ್ತಿಗೆ ಸುಮಾರು 40 ಶಿಲ್ಪಗಳು ನೀರು ಸೇರಿದ್ದವು. ಬಂಡೆ ದಾನವಾಗಿ ಬಂದರೂ ಸಾಗಣೆಗೆ, ಕ್ರೇನಿಗೆ, ಇಳಿಸುವ ಹಡಗಿಗೆ ದುಡ್ಡು ಬೇಕು. ಅದನ್ನು ಪಾವ್ಲೊ ಮತ್ತು ಗೆಳೆಯರು ಜನರಿಂದಲೇ ಕೂಡಿಸುತ್ತ ಬಂದರು. ಕೂಡಿದಷ್ಟಕ್ಕೆ ಒಂದಿಷ್ಟು ಶಿಲ್ಪ, ಆಮೇಲೆ ಮತ್ತೆ ದೋಣಿ, ಮತ್ತೆ ಪ್ರವಾಸಿಗರು, ಮತ್ತೆ ಬೇಯಿಸಿದ ಮೀನು, ಮತ್ತೆ ಅದೇ ಹುಲ್ಲಿನ ಕತೆ.