ಉಚಿತ ಕುಕ್ಕರಿಗೆ ಸಾಗಣೆ ಕಾಸು

ಪ್ರಶ್ನೆ: ಆನ್‌ಲೈನಲ್ಲಿ ಸೀರೆ ಕೊಂಡರೆ ಕುಕ್ಕರ್ ಉಚಿತ ಅಂದರು. ಈಗ ಅದನ್ನು ದೊಡ್ಡಬಳ್ಳಾಪುರಕ್ಕೆ ಕಳಿಸಲು 149 ರೂಪಾಯಿ ಕೇಳುತ್ತಿದ್ದಾರೆ. ಸರಿಯೇ?

ಉತ್ತರ: ಅಷ್ಟೂ ನಿಜವಾದ ಸಾಗಣೆ ಖರ್ಚಾಗಿದ್ದರೆ ಕೇಳಬಹುದು. ದಾರಿತಪ್ಪಿಸುವ ಜಾಹೀರಾತುಗಳ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ತಲುಪಿಸುವ ವೆಚ್ಚಕ್ಕೆ ಅಡ್ಡಿ ಮಾಡುವುದಿಲ್ಲ. ಆದರೆ ಪ್ಯಾಕಿಂಗ್, ಹ್ಯಾಂಡ್ಲಿಂಗ್ ಅಂತ ಒಂದು ರೂಪಾಯಿ ಸೇರಿದರೂ ಆ ವಸ್ತುವನ್ನು ‘ಉಚಿತ’ ಎನ್ನುವಂತಿಲ್ಲ. ಕುಕ್ಕರಿನ ಬೆಲೆಯನ್ನು ಸೀರೆಯ ಮೇಲೆ ಏರಿಸಿ ಕೊಡುವುದೂ ತಪ್ಪೇ; 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅದನ್ನು ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. (ನಿಮ್ಮೂರಿನ ಮಗ್ಗದಲ್ಲಿ ಸೀರೆಯ ಜೊತೆಗೇ ರವಿಕೆ ಬಟ್ಟೆಯನ್ನೂ ನೇಯುತ್ತಾರೆ. ಅದನ್ನು ‘ಫ್ರೀ’ ಅಂತ ಯಾವ ನೇಕಾರರೂ ಸಾರಿದ್ದು ನಾನು ಕೇಳಿಲ್ಲ!)

ನನಗೆ ಅನುಮಾನ ಬರುವುದು 149ರ ಮೇಲಲ್ಲ, ಅದು ಕಾಣಿಸಿಕೊಂಡ ಹೊತ್ತಿನ ಮೇಲೆ. ಮೊದಲು ಮುಚ್ಚಿಟ್ಟು, ಹಣ ಕಟ್ಟುವಾಗ ಶುಲ್ಕ ಹೊರತೆಗೆಯುವುದನ್ನು 2023ರ ನವೆಂಬರ್‌ನ ‘ಡಾರ್ಕ್ ಪ್ಯಾಟರ್ನ್’ (ಗ್ರಾಹಕರನ್ನು ಯಾಮಾರಿಸುವ ಆನ್‌ಲೈನ್ ತಂತ್ರ) ಮಾರ್ಗಸೂಚಿ ನಿಷೇಧಿಸಿದೆ. ಜಾಹೀರಾತಿನದೂ ಬಿಲ್ಲಿನದೂ ಸ್ಕ್ರೀನ್‌ಶಾಟ್ ಇಟ್ಟುಕೊಂಡು 1915ಕ್ಕೆ ಕರೆ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.