ಬಾಯಿಯೇ ಮದ್ದಳೆ!

ಮಗನೋ ಮಗಳೋ ಕೂತಲ್ಲಿ ನಿಂತಲ್ಲಿ ಬಾಯಿಯಿಂದ ‘ಬ್ ತ್ಸ್ ಕ್ ತ್ಸ್’ ಎಂದು ಸದ್ದು ಹೊರಡಿಸುತ್ತಿದ್ದರೆ ನಾವೇನು ಹೇಳುತ್ತೇವೆ? “ಎಂಥದು ಅದು ಮಂಗಚೇಷ್ಟೆ? ಸುಮ್ಮನೆ ಕೂತ್ಕೋ!” ಹುಡುಗಿಯಾದರಂತೂ ಗದರಿಕೆ ಇನ್ನೂ ಜೋರು. ಆದರೆ ಸೋದರಿಯರೇ, ಗದರುವ ಮೊದಲು ಒಂದು ನಿಮಿಷ ಕಿವಿಗೊಟ್ಟು ಕೇಳಿ. ಅದು ‘ಬೀಟ್‌ಬಾಕ್ಸಿಂಗ್’ ಎಂಬ ಕಲೆ. ತುಟಿ, ನಾಲಿಗೆ, ಉಸಿರು ಇಷ್ಟೇ ಅದರ ಬಂಡವಾಳ.

ನಮ್ಮ ಉಡುಪಿಯವರಿಗೆ ಇದೇನು ತೀರಾ ಹೊಸತೇ? ಯಕ್ಷಗಾನ ಕಲಿಸುವ ಗುರುಗಳು ‘ಬಾಯಿತಾಳ’ ಹೇಳುತ್ತಲೇ ಹೆಜ್ಜೆ ಹಾಕಿಸುತ್ತಾರೆ. 1971ರಲ್ಲಿ ಆರಂಭವಾದ ಇಲ್ಲಿನ ಯಕ್ಷಗಾನ ಕೇಂದ್ರದಲ್ಲೂ ಪಾಠ ಸಾಗಿದ್ದು ಹೀಗೆಯೇ. ಚೆಂಡೆ ಮದ್ದಳೆಯ ಪೆಟ್ಟುಗಳನ್ನೂ ಬಾಯಿಯಲ್ಲಿ ಹೇಳಿ ಕಲಿಯುವುದುಂಟು. ಕರ್ನಾಟಕ ಸಂಗೀತದಲ್ಲಿ ಇಂಥದ್ದಕ್ಕೆ ‘ಕೊನ್ನಕೋಲು’ ಎನ್ನುತ್ತಾರೆ. ವ್ಯತ್ಯಾಸ ಇಷ್ಟೇ: ಬಾಯಿತಾಳದಲ್ಲಿ ‘ತಕದಿಮಿ’ ಎಂದು ಪೆಟ್ಟಿನ ಹೆಸರನ್ನು ಹೇಳುತ್ತೇವೆ, ಬೀಟ್‌ಬಾಕ್ಸಿಂಗಿನಲ್ಲಿ ಪೆಟ್ಟಿನ ಸದ್ದನ್ನೇ ಹೊರಡಿಸುತ್ತಾರೆ.

ಈ ಕಲೆ ಹೆಸರು ಮಾಡಿದ್ದು 1980ರ ದಶಕದಲ್ಲಿ, ಅಮೆರಿಕದ ನ್ಯೂಯಾರ್ಕಿನಲ್ಲಿ. ತಾಳ ಬಾರಿಸುವ ಯಂತ್ರಕ್ಕೆ ‘ಬೀಟ್ ಬಾಕ್ಸ್’ ಎಂದು ಹೆಸರು. ಡಗ್ ಇ. ಫ್ರೆಶ್ ಮೊದಲಾದ ಯುವಕರು ಆ ಯಂತ್ರದ ಸದ್ದನ್ನೆಲ್ಲ ಬಾಯಿಯಿಂದಲೇ ಹೊರಡಿಸಿದರು. 2011ರಲ್ಲಿ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ವಿನೀತ್ ವಿನ್ಸೆಂಟ್ ಅವರ ಮುಂದಾಳ್ತನದಲ್ಲಿ 1,200ಕ್ಕೂ ಹೆಚ್ಚು ಮಂದಿ ಒಟ್ಟಿಗೆ ಬೀಟ್‌ಬಾಕ್ಸ್ ಮಾಡಿ ಗಿನ್ನೆಸ್ ದಾಖಲೆಯನ್ನೂ ಮಾಡಿದರು!

ನೀವೂ ಪ್ರಯತ್ನಿಸಬಹುದು. ಬೇಕಾದ್ದು ಮೂರೇ ಸದ್ದು. ತುಟಿಗಳನ್ನು ಬಿಗಿಯಾಗಿ ಮುಚ್ಚಿ, ಸ್ವರ ಸೇರಿಸದೆ ‘ಬ್’ ಎಂದು ಸಿಡಿಸಿ. ಅದು ದೊಡ್ಡ ಡೋಲು. ನಾಲಿಗೆಯ ತುದಿಯನ್ನು ಹಲ್ಲಿನ ಹಿಂದೆ ತಾಗಿಸಿ ‘ತ್ಸ್’ ಅನ್ನಿ. ಒಗ್ಗರಣೆಗೆ ನೀರು ಬಿದ್ದ ಹಾಗೆ ಕೇಳಬೇಕು. ಅದು ಕಂಚಿನ ತಾಳ. ನಾಲಿಗೆಯ ಹಿಂಭಾಗದಿಂದ ಗಟ್ಟಿಯಾಗಿ ‘ಕ್’ ಅನ್ನಿ. ಅದು ಸಣ್ಣ ಡೋಲಿನ ಪೆಟ್ಟು. ಈಗ ಬೆರಳಿನಲ್ಲಿ ನಾಲ್ಕು ಎಣಿಸುತ್ತಾ ‘ಬ್ – ತ್ಸ್ – ಕ್ – ತ್ಸ್’. ಮೊದಲು ನಿಧಾನ, ಆಮೇಲೆ ವೇಗ. ಪಳಗಿದವರು ಉಸಿರನ್ನು ಒಳಗೆಳೆದುಕೊಳ್ಳುತ್ತಲೇ ‘ಕ್’ ಹೊರಡಿಸುತ್ತಾರೆ. ಅದಕ್ಕೇ ಅವರು ನಡುವೆ ನಿಲ್ಲಿಸಬೇಕಾಗುವುದಿಲ್ಲ. ಗಂಟಲನ್ನು ಮಾತ್ರ ಬಿಗಿಯಬೇಡಿ. ಬಾಯಿ ಒಣಗಿದರೆ ನೀರು ಕುಡಿದು ಸುಧಾರಿಸಿಕೊಳ್ಳಿ, ನೋವಾದರೆ ನಿಲ್ಲಿಸಿಬಿಡಿ.

“ಹೆಣ್ಣುಮಕ್ಕಳು ಸೀಟಿ ಹೊಡೆಯಬಾರದು, ತಾಳ ಕುಟ್ಟಬಾರದು” ಎಂದು ಕೇಳಿಕೊಂಡೇ ಬೆಳೆದವರು ನಮ್ಮಲ್ಲಿ ಎಷ್ಟು ಮಂದಿ! ಚೆಂಡೆಯ ಸದ್ದಿಗೆ ಮೈ ಜುಮ್ಮೆಂದರೂ ಅದನ್ನು ಮುಟ್ಟುವ ಅವಕಾಶ ಹೆಚ್ಚಿನವರಿಗೆ ಸಿಗಲೇ ಇಲ್ಲ. ಒಳಗಿನ ತಾಳ ಒಳಗೇ ಉಳಿಯಿತು. ಅಮೆರಿಕದ ಕೈಲಾ ಮುಲ್ಲಾಡಿ ಎಂಬಾಕೆ ಬೀಟ್‌ಬಾಕ್ಸಿಂಗಿನ ಮಹಿಳಾ ವಿಭಾಗದಲ್ಲಿ 2015 ಮತ್ತು 2018ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದಾರೆ. ನಮ್ಮ ಹುಡುಗಿಯರಿಗೆ ಅಷ್ಟು ದೊಡ್ಡ ಬಿರುದೇ ಸಿಗಬೇಕೆಂದಿಲ್ಲ. ಬಾಯಿ ಮುಚ್ಚು ಎನ್ನದಿದ್ದರೆ ಅದೇ ದೊಡ್ಡದು.

ವಾದ್ಯ ಕೊಳ್ಳುವ ಖರ್ಚಿಲ್ಲ, ದೋಸೆ ಹೊಯ್ಯುತ್ತಲೂ ಅಭ್ಯಾಸ ಮಾಡಬಹುದು. ಮಕ್ಕಳು ನಾಲ್ಕರ ಬೀಟು ಹಿಡಿದಾಗ ನೀವು ‘ತಕದಿಮಿ’ ಅನ್ನಿ. ಆಮೇಲೆ ‘ತಕಿಟ ತಕದಿಮಿ’ ಎಂದು ಏಳಕ್ಕೆ ತಿರುಗಿಸಿ ನೋಡಿ. ಯಾರು ಮೊದಲು ತಪ್ಪುತ್ತಾರೋ, ಅವತ್ತಿನ ಪಾತ್ರೆ ಅವರ ಪಾಲಿಗೆ!